ನಾಲ್ಕು ನಿಮಿಷದ ಬೆಲ್ಟಿಗೆ ಒಂದು ತಾಸು: ಶಿರಸಿಯ ಅಡಿಕೆ ಸುಲಿಯುವ ಯಂತ್ರವೊಂದರ ಪ್ರಕರಣ

ಈ ಪ್ರಕರಣ ಶಿರಸಿ ಪೇಟೆಯಿಂದ ಸ್ವಲ್ಪ ಹೊರಗಿರುವ ಒಂದು ಸಣ್ಣ ವರ್ಕ್‌ಶಾಪಿನದು. ಮಾಲೀಕರು, ಇಬ್ಬರು ವೆಲ್ಡರುಗಳು, ಊರೂರು ತಿರುಗಿ ಸರ್ವೀಸ್ ಮಾಡುವ ಒಬ್ಬ ಹುಡುಗ, ಇಷ್ಟೇ ಜನ. ಹೆಸರುಗಳನ್ನು ಬಿಟ್ಟಿದ್ದೇನೆ. ಗಿರಾಕಿಗಳ ಮನೆಯ ಗುರುತು ಸಿಗದಿರಲಿ ಎಂದು ಒಂದೆರಡು ವಿವರ ಆಚೀಚೆ ಮಾಡಿದ್ದೇನೆ. ನಾನು ಹುಬ್ಬಳ್ಳಿಯ ಕಾರ್ಖಾನೆಯೊಂದರಲ್ಲಿ ಹದಿನೈದು ವರ್ಷ ಮೆಂಟೆನೆನ್ಸ್ ಕೆಲಸ ಮಾಡಿ ಊರಿಗೆ ವಾಪಸು ಬಂದವನು. ಮಾಲೀಕರು ಹಳೇ ಪರಿಚಯ. ‘ಒಂದ್ಸಲ ಬಂದು ನೋಡಿ ಹೋಗಿ’ ಎಂದು ಕರೆದರು. ನೋಡಿ ಹೋಗಲು ಬಂದವನು ಎರಡು ಸುಗ್ಗಿ ಅಲ್ಲೇ ಸಿಕ್ಕಿಕೊಂಡೆ.

ಹಿನ್ನೆಲೆ

ಅವರು ಮಾಡುತ್ತಿದ್ದುದು ಹಸಿ ಅಡಿಕೆ ಸುಲಿಯುವ ಯಂತ್ರ. ತೋಟದ ಸೀಮೆಯವರಿಗೆ ಇದರ ಅವಸರ ಹೇಳಬೇಕಾಗಿಲ್ಲ. ಬೇರೆಯವರಿಗಾಗಿ ಎರಡು ಮಾತು. ಚಾಲಿ, ಅಂದರೆ ಬಿಳಿ ಅಡಿಕೆ, ಮಾಡುವುದಾದರೆ ಹಣ್ಣಡಿಕೆಯನ್ನು ತಿಂಗಳ ಮೇಲೆ ಬಿಸಿಲಲ್ಲಿ ಒಣಗಿಸಿ, ಪುರುಸೊತ್ತಾದಾಗ ಸುಲಿಯಬಹುದು. ಕೆಂಪಡಿಕೆಗೆ ಆ ಪುರುಸೊತ್ತಿಲ್ಲ. ಕಾಯಿ ಹಸಿರಿರುವಾಗಲೇ ಕೊನೆ (ಅಡಿಕೆ ಗೊಂಚಲು) ಇಳಿಸಬೇಕು. ಅವತ್ತೋ ಮರುದಿನವೋ ಸುಲಿದು, ಚೊಗರು (ಅಡಿಕೆಯ ಒಗರು ರಸ) ಹಾಕಿ ಬೇಯಿಸಿ, ಒಣಗಲು ಹರವಬೇಕು. ಎರಡು ದಿನ ತಡವಾದರೆ ಸಿಪ್ಪೆ ಬಾಡುತ್ತದೆ, ಸುಲಿಯಲು ಬಿಗಿಯಾಗುತ್ತದೆ, ಬೆಂದ ಮೇಲೆ ಬಣ್ಣವೂ ಕೆಡುತ್ತದೆ. ಮೊದಲೆಲ್ಲ ರಾತ್ರಿ ಹತ್ತು ಹನ್ನೆರಡು ಜನ ಸಾಲಾಗಿ ಮೆಟ್ಟುಗತ್ತಿ (ಕಾಲಲ್ಲಿ ಮೆಟ್ಟಿ ಹಿಡಿಯುವ ಕತ್ತಿ) ಹಾಕಿ ಕೂತು ಸುಲಿಯುತ್ತಿದ್ದರು. ಈಗ ಆ ಜನ ಇಲ್ಲ. ಅದಕ್ಕೇ ಯಂತ್ರ.

ಯಂತ್ರದ ಒಳಗೆ ದೊಡ್ಡ ಗುಟ್ಟೇನಿಲ್ಲ. ತಿರುಗುವ ಒಂದು ಡ್ರಮ್ಮು, ಅದರ ಎದುರು ಸ್ಪ್ರಿಂಗ್ ಕಟ್ಟಿದ ಬ್ಲೇಡುಗಳ ಸಾಲು. ನಡುವೆ ಅಡಿಕೆ ಉರುಳುತ್ತಾ ಸಿಪ್ಪೆ ಹರಿಯುತ್ತದೆ. ಒಂದು ಎಚ್‌ಪಿ ಸಿಂಗಲ್ ಫೇಸ್ ಮೋಟರು, ಒಂದು ಬೆಲ್ಟು, ಎರಡು ಪುಲ್ಲಿ. ಕೆಳಗೆ ಒಂದು ಕಡೆ ಅಡಿಕೆ, ಇನ್ನೊಂದು ಕಡೆ ಸಿಪ್ಪೆ. ಸುಲಿಯುವ ಕೆಲಸ ಚೆನ್ನಾಗಿಯೇ ಮಾಡುತ್ತಿತ್ತು. ಆ ಬಗ್ಗೆ ಒಂದು ದೂರೂ ಇರಲಿಲ್ಲ.

ಸಮಸ್ಯೆ

ಮೊದಲ ಸುಗ್ಗಿಯಲ್ಲಿ 31 ಯಂತ್ರ ಮಾರಿದ್ದರು. ಅಷ್ಟಕ್ಕೇ 74 ಸರ್ವೀಸ್ ಕರೆ. ಹುಡುಗ ಬೆಳಿಗ್ಗೆ ಬೈಕ್ ಹತ್ತಿದರೆ ರಾತ್ರಿ ಇಳಿಯುತ್ತಿದ್ದ. ಮತ್ತೀಘಟ್ಟದ ಕಡೆಯ ಮನೆಗಳವರು ಫೋನ್ ಮಾಡಲಿಕ್ಕೇ ನೆಟ್‌ವರ್ಕ್ ಸಿಗುವ ದಿಬ್ಬ ಹತ್ತಬೇಕು. ‘ತಮಾ, ಅಡಿಕೆ ಕಾಯ್ತಿಲ್ಲೆ’ ಎನ್ನುವ ಮಾತು ಕೇಳಿ ಕೇಳಿ ಮಾಲೀಕರಿಗೆ ನಿದ್ದೆಗೆಟ್ಟಿತ್ತು. ಮುಂದಿನ ವರ್ಷಕ್ಕೆ ಬುಕ್ ಮಾಡಿದ್ದವರಲ್ಲಿ ನಾಲ್ವರು ಮುಂಗಡ ವಾಪಸು ಕೇಳಿದರು.

ನಾನು ಬಂದಾಗ ಫೆಬ್ರುವರಿ. ಮೊದಲು ಕೇಳಿದ್ದು ದೂರಿನ ಪುಸ್ತಕ. ಪುಣ್ಯಕ್ಕೆ ಒಂದು ನೋಟ್‌ಬುಕ್ಕು ಇತ್ತು. ಹುಡುಗ ಪೆಟ್ರೋಲ್ ಲೆಕ್ಕಕ್ಕಾಗಿ ಇಟ್ಟಿದ್ದ. ಅದರಲ್ಲಿ ಹೋದ ಮನೆ, ಕರೆ ಬಂದ ಹೊತ್ತು, ಮಾಡಿದ ಕೆಲಸ ಎಲ್ಲ ಇತ್ತು. 74ರಲ್ಲಿ 29 ಸಲ ಸಿಪ್ಪೆ ಸಿಕ್ಕಿ ಡ್ರಮ್ಮು ನಿಂತದ್ದು. 17 ಸಲ ಬೆಲ್ಟು. 9 ಬೇರಿಂಗು, 8 ಕಂಡೆನ್ಸರ್. ಉಳಿದ 11 ಚಿಲ್ಲರೆ.

ಮಾಲೀಕರು ಆಗಲೇ ಒಂದು ತೀರ್ಮಾನಕ್ಕೆ ಬಂದಿದ್ದರು. ‘ಮಾಲು ಗಟ್ಟಿ ಇಲ್ಲ. ಗಟ್ಟಿ ಮಾಡಬೇಕು.’ ಎರಡು ಎಂಎಂ ತಗಡಿನ ಜಾಗಕ್ಕೆ ಮೂರು ಎಂಎಂ, ಬ್ಲೇಡಿಗೆ ಗಟ್ಟಿ ಸ್ಟೀಲು, ಚೊಗರು ಒಳಗೆ ಹೋಗದಂತೆ ಕವರಿನ ಸುತ್ತ ರಬ್ಬರ್ ಪಟ್ಟಿ, ಅದನ್ನು ಬಿಗಿಯಲು ಇನ್ನೂ ಆರು ಬೋಲ್ಟು. ಹೀಗೆ ಎರಡು ಯಂತ್ರ ಮಾಡಿ ಪರೀಕ್ಷೆಗೆಂದು ಎರಡು ಮನೆಗೆ ಕೊಟ್ಟಿದ್ದರು. ನಾನು ಬೇಡ ಎನ್ನಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆಗ ಅದು ಸರಿ ಎಂದೇ ಕಂಡಿತ್ತು.

ಗಡಿಯಾರ ಹಿಡಿದು ಹನ್ನೆರಡು ಮನೆ

ಸುಗ್ಗಿ ಮುಗಿಯುವ ಮುಂಚೆ ಹುಡುಗನ ಬೈಕಿನ ಹಿಂದೆ ಕೂತು ಹನ್ನೆರಡು ಕರೆಗೆ ಹೋದೆ. ಕೈಯಲ್ಲಿ ಗಡಿಯಾರ, ಒಂದು ಪುಸ್ತಕ. ಹುಡುಗನಿಗೆ ಇದು ಸ್ವಲ್ಪ ತಮಾಷೆ, ಸ್ವಲ್ಪ ಕಿರಿಕಿರಿ.

ಒಂದು ಬೆಲ್ಟು ಹಾಕಿದ ಕತೆ ಹೇಳುತ್ತೇನೆ. ಕವರಿಗೆ 14 ಬೋಲ್ಟು. ಅದರಲ್ಲಿ ಹತ್ತು 10 ನಂಬರ್ ಪಾನಾದವು (ಪಾನಾ ಎಂದರೆ ಸ್ಪ್ಯಾನರ್), ನಾಲ್ಕು 13 ನಂಬರಿನವು. ಯಾಕೆ ಎರಡು ತರ ಎಂದರೆ, ಅವತ್ತು ಅಂಗಡಿಯಲ್ಲಿ ಸಿಕ್ಕಿದ್ದು ಅದು. ಬೆಲ್ಟಿನ ಗಾರ್ಡಿಗೆ ನಾಲ್ಕು ಸ್ಟಾರ್ ಸ್ಕ್ರೂ. ಮೋಟರಿನ ಬೋಲ್ಟು ಚೌಕಟ್ಟಿನ ಅಡಿಯಲ್ಲಿ, 17 ನಂಬರು. ಅದಕ್ಕೆ ಕೈ ಹಾಕಲು 85 ಕಿಲೋ ಯಂತ್ರವನ್ನು ಇಬ್ಬರು ಸೇರಿ ಮಗ್ಗುಲಿಗೆ ಮಲಗಿಸಬೇಕು. ಮಲಗಿಸಿದರೆ ಒಳಗಿದ್ದ ಚೊಗರು ನೀರು ಮೋಟರಿನ ಮೇಲೆ. ಪುಲ್ಲಿ ಬಿಚ್ಚಲು ಅಲನ್ ಕೀ. ಅಷ್ಟೆಲ್ಲ ಮುಗಿದ ಮೇಲೆ ಹಳೇ ಬೆಲ್ಟು ತೆಗೆದು ಹೊಸದು ಹಾಕಲು ಹಿಡಿದದ್ದು 4 ನಿಮಿಷ. ಬಿಚ್ಚಿ ಕಟ್ಟಲು 55 ನಿಮಿಷ. ಬೈಕಿನಲ್ಲಿ ಹೋಗಿ ಬರಲು ಮೂರು ತಾಸು. ಮನೆಯವರು ಕಾದದ್ದು ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದೂವರೆ.

ಇನ್ನೊಂದು ಮನೆ. ಯಂತ್ರ ನಡೆಸುತ್ತಿದ್ದವರು ಮನೆಯ ಹೆಂಗಸರು. ನಾವು ಯಂತ್ರ ಮಾರುವಾಗ ಜಗಲಿಯ ಮೇಲೆ ಕೂತು ಗಂಡಸರಿಗೆ ವಿವರಿಸಿದ್ದೆವು. ಆದರೆ ಕೊನೆಕೊಯ್ಲಿನ ಹೊತ್ತಿಗೆ ಗಂಡಸರು ತೋಟದಲ್ಲಿರುತ್ತಾರೆ ಅಲ್ವಾ! ಆ ಅಕ್ಕ ಸಿಪ್ಪೆ ಸಿಕ್ಕಿಕೊಂಡಾಗ ಅಡಿಕೆ ಸುರಿಯುವ ಹಾಪರಿನ ಬಾಯಿಂದ ದೋಸೆ ಮಗುಚುವ ಸಟ್ಟುಗ ಹಾಕಿ ಎಳೆಯುತ್ತಿದ್ದರು. ಕೈಯೆಲ್ಲ ಚೊಗರು, ಕಪ್ಪು, ಜಾರು. ‘ಮೆಟ್ಟುಗತ್ತಿ ಮೊಂಡಾದ್ರೆ ನಾನೇ ಮಸೀತಿ ತಮಾ. ಇದಕ್ಕೆ ಎಂತಾದ್ರೂ ಆದ್ರೆ ನಿನ್ನ ಹುಡುಗನೇ ಬರವು. ಎಂತಕ್ಕೆ ಇಷ್ಟೆಲ್ಲ ಬೋಲ್ಟು ಹಾಕಿದ್ದೆ?’ ಎಂದು ಮಾಲೀಕರಿಗೆ ಫೋನಿನಲ್ಲೇ ಕೇಳಿದರು. ಮಾಲೀಕರಿಗೂ ಉತ್ತರ ಗೊತ್ತಿರಲಿಲ್ಲ. ಬೋಲ್ಟು ಹಾಕಿದ್ದು ತಗಡು ಅಲುಗಬಾರದು ಅಂತ. ಬಿಚ್ಚುವವರು ಯಾರು ಎಂದು ಯಾರೂ ಯೋಚಿಸಿರಲಿಲ್ಲ.

ಆಮೇಲೆ ಹೋದ ಒಂಬತ್ತು ಮನೆಯಲ್ಲಿ ನಾನು ಇನ್ನೊಂದು ಕೆಲಸ ಮಾಡಿದೆ. ‘ನಿಮ್ಮ ಮನೆಯಲ್ಲಿ ಯಾವ ಯಾವ ಹತ್ಯಾರು ಇದೆ, ತೋರಿಸಿ’ ಎಂದೆ. ಕತ್ತಿ, ಸುತ್ತಿಗೆ, ಪಕ್ಕಡ, ಒಂದು ಸ್ಕ್ರೂಡ್ರೈವರ್ ಎಲ್ಲರಲ್ಲೂ ಇತ್ತು. ಪಾನಾ ಎಂದರೆ ಒಂದೇ. ಪಂಪ್‌ಸೆಟ್ಟಿಗೋ ಔಷಧಿ ಹೊಡೆಯುವ ಪಂಪಿಗೋ ಎಂದು ಇಟ್ಟುಕೊಂಡ 12-13ರ ಜೋಡಿ ಪಾನಾ. ಅಲನ್ ಕೀ ಒಂದು ಮನೆಯಲ್ಲಿ ಮಾತ್ರ. ಅದೂ ಮಗ ಬೆಂಗಳೂರಿಂದ ತಂದ ಸೈಕಲ್ಲಿನದು. ಇಡೀ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಮಾಹಿತಿ ಇದು. ಕಾಸೂ ಖರ್ಚಾಗಲಿಲ್ಲ.

ಗಟ್ಟಿ ಮಾಡಿದ್ದು ಏನಾಯಿತು

ಪರೀಕ್ಷೆಗೆ ಕೊಟ್ಟ ಆ ಎರಡು ಗಟ್ಟಿ ಯಂತ್ರಗಳು ಸುಗ್ಗಿಯ ಕೊನೆಯ ಮೂರು ವಾರ ಓಡಿದವು. ಬೆಲ್ಟು ಹೋಗಲಿಲ್ಲ. ಮಾಲೀಕರಿಗೆ ಖುಷಿ. ಮಳೆಗಾಲ ಪೂರ್ತಿ ಅವು ಕೊಟ್ಟಿಗೆಯ ಮೂಲೆಯಲ್ಲಿ ಗೋಣಿ ಹೊದ್ದು ಕೂತವು. ಸೆಪ್ಟೆಂಬರಿನಲ್ಲಿ ವಾಪಸು ತಂದು ಬಿಚ್ಚಲು ಹೋದರೆ ಬೋಲ್ಟಿನ ತಲೆಗಳು ಕೈಗೇ ಬಂದವು. 20ರಲ್ಲಿ ಏಳು ಮುರಿದವು. ಒಳಗೆ ಡ್ರಮ್ಮಿನ ಮೇಲೆ ಕಪ್ಪು ಹೆಕ್ಕಳೆ.

ಇದರ ಕಾರಣ ನಮ್ಮ ಹಿರಿಯರಿಗೆ ಗೊತ್ತಿದ್ದದ್ದೇ. ಹಿಂದೆ ಅಳಲೆಕಾಯಿ ರಸಕ್ಕೆ ಅನ್ನಭೇದಿ (ಕಬ್ಬಿಣದ ಒಂದು ಲವಣ) ಹಾಕಿ ಶಾಯಿ ಮಾಡುತ್ತಿದ್ದರು. ಅಳಲೆಯಲ್ಲಿರುವ ಒಗರು, ಅಂದರೆ ಟ್ಯಾನಿನ್, ಕಬ್ಬಿಣದ ಜೊತೆ ಸೇರಿದರೆ ಕಪ್ಪಾಗುತ್ತದೆ. ಅಡಿಕೆಯ ಚೊಗರಿನಲ್ಲಿರುವುದೂ ಟ್ಯಾನಿನ್ನೇ. ನಮ್ಮ ಯಂತ್ರದ ಹೊಟ್ಟೆಯಲ್ಲಿ ನಾಲ್ಕು ತಿಂಗಳು ಶಾಯಿ ತಯಾರಾಗಿತ್ತು! ಮೇಲಿನ ಹಾಪರ್ ತೆರೆದೇ ಇರಬೇಕು, ಚೊಗರು ಅಲ್ಲಿಂದ ಒಳಗೆ ಹೋಗಿಯೇ ಹೋಗುತ್ತದೆ. ರಬ್ಬರ್ ಪಟ್ಟಿ ಅದನ್ನು ಹೊರಗೆ ಬರದಂತೆ ತಡೆಯಿತು. ಒಣಗಲೂ ಬಿಡಲಿಲ್ಲ. ಕವರ್ ಬಿಚ್ಚುವುದು ಕಷ್ಟವಾದ್ದರಿಂದ ಸುಗ್ಗಿ ಮುಗಿದಾಗ ಮನೆಯವರು ತೊಳೆಯಲೂ ಇಲ್ಲ.

ಅವತ್ತು ಮಾಲೀಕರ ಮುಖ ನೋಡಲಾಗಲಿಲ್ಲ. ವರ್ಕ್‌ಶಾಪಿನಲ್ಲಿ ಒರಗಿಸಿಟ್ಟ ತಗಡಿನ ಮೇಲೆ ಚಾಕ್‌ಪೀಸಿನಲ್ಲಿ ಒಂದು ಲೆಕ್ಕ ಬರೆದೆ. ಹುಡುಗನ ಪುಸ್ತಕದ ಪ್ರಕಾರ ಯಂತ್ರ ಸುಮಾರು 40 ತಾಸು ಓಡಿದರೆ ಒಮ್ಮೆ ನಿಲ್ಲುತ್ತದೆ. ನಿಂತರೆ ಮತ್ತೆ ಓಡಲು ಹೆಚ್ಚುಕಮ್ಮಿ 10 ತಾಸು. ಅಂದರೆ 50 ತಾಸಿನಲ್ಲಿ 40 ತಾಸು ಕೆಲಸ, ನೂರಕ್ಕೆ 80. ದುಡ್ಡು ಸುರಿದು ಎರಡು ಪಟ್ಟು ಗಟ್ಟಿ ಮಾಡಿದೆವು ಅನ್ನೋಣ. 80 ತಾಸು ಓಡಿ 10 ತಾಸು ನಿಲ್ಲುತ್ತದೆ. ನೂರಕ್ಕೆ 89. ಗಟ್ಟಿ ಮಾಡುವ ಉಸಾಬರಿಯೇ ಬೇಡ, ಮೊದಲಿನ ಹಾಗೆ 40 ತಾಸಿಗೊಮ್ಮೆ ನಿಲ್ಲಲಿ, ಆದರೆ ಒಂದೇ ತಾಸಿನಲ್ಲಿ ಮತ್ತೆ ಓಡಲಿ. 41ರಲ್ಲಿ 40. ನೂರಕ್ಕೆ 97ರ ಮೇಲೆ.

ಮಾಲೀಕರು ಬಹಳ ಹೊತ್ತು ಅದನ್ನೇ ನೋಡಿದರು. ‘ಅಂದ್ರೆ ಕೆಡೋ ಯಂತ್ರವನ್ನೇ ಮಾರೋದಾ?’ ಎಂದರು. ಹೌದು, ಎಲ್ಲ ಯಂತ್ರವೂ ಕೆಡುತ್ತದೆ. ಕೆಟ್ಟಾಗ ಆ ಅಕ್ಕನ ಕೈಯಲ್ಲಿ ಸರಿಯಾಗಬೇಕು ಎಂದೆ. ಇಲ್ಲಿಂದ ಕೆಲಸದ ದಿಕ್ಕು ಬದಲಾಯಿತು.

ಯಾರು ಏನು ಬಿಚ್ಚಬೇಕು

ಮೊದಲು ಕೆಲಸಗಳನ್ನು ಹಂಚಿದೆವು. ಸಿಪ್ಪೆ ಬಿಡಿಸುವುದು, ತೊಳೆಯುವುದು, ಬೆಲ್ಟು ಹಾಕುವುದು ಮನೆಯವರದು. ಕಂಡೆನ್ಸರ್ ಮತ್ತು ಬೇರಿಂಗ್ ಹತ್ತಿರದ ಊರಿನ ಪಂಪ್‌ಸೆಟ್ ಮೆಕ್ಯಾನಿಕ್ ಮಾಡಬೇಕು. ಬ್ಲೇಡು ಮತ್ತು ಶಾಫ್ಟ್ ಮಾತ್ರ ನಮ್ಮದು. ಈ ಗೆರೆ ಎಳೆದ ಮೇಲೆ ಚಿತ್ರ ತನ್ನಿಂದ ತಾನೇ ತಿಳಿಯಾಯಿತು. ಮನೆಯವರು ಮುಟ್ಟುವ ಎಲ್ಲ ಬೋಲ್ಟೂ 13 ನಂಬರು. ಬೇರೆ ಸೈಜು ಕಂಡರೆ ಅದು ‘ನಿಮ್ಮದಲ್ಲ’ ಎಂಬ ಗುರುತು. ಆದರೂ ಒಂದು ಪಾನಾವನ್ನು ಯಂತ್ರಕ್ಕೇ ಸರಪಳಿ ಹಾಕಿ ಕಟ್ಟಿದೆವು.

ಮೋಟರನ್ನು ಬಿಜಾಗರಿ ಹಾಕಿದ ಪ್ಲೇಟಿನ ಮೇಲೆ ಕೂರಿಸಿದೆವು. ಮೋಟರಿನ ಭಾರವೇ ಬೆಲ್ಟನ್ನು ಬಿಗಿ ಹಿಡಿಯುತ್ತದೆ. ಒಂದು ಕೈಯಲ್ಲಿ ಮೋಟರ್ ಎತ್ತಿದರೆ ಬೆಲ್ಟು ಸಡಿಲ, ಇನ್ನೊಂದು ಕೈಯಲ್ಲಿ ತೆಗೆದು ಹಾಕಬಹುದು. ಯಂತ್ರ ಮಲಗಿಸುವ ಗೋಜಿಲ್ಲ. ಸಿಪ್ಪೆ ಸಿಕ್ಕಾಗ ಮೋಟರ್ ಕುಣಿಯುತ್ತಿತ್ತು, ಅದಕ್ಕೆ ಒಂದು 13ರ ಬೋಲ್ಟು ಸೇರಿಸಿದೆವು. ಬೇರಿಂಗ್ ಮೊದಲು ಕೊರೆದ ಮನೆಯೊಳಗೆ ಬಿಗಿಯಾಗಿ ಕೂತಿತ್ತು, ಎಳೆದು ತೆಗೆಯುವ ಹತ್ಯಾರು, ಅಂದರೆ ಪುಲ್ಲರ್, ಇಲ್ಲದೆ ಬರುತ್ತಿರಲಿಲ್ಲ. ಅದನ್ನು ತೆಗೆದು ಪೇಟೆಯಲ್ಲಿ ಸಿಗುವ ಪಿಲ್ಲೋ ಬ್ಲಾಕ್ (ಬೋಲ್ಟು ಹಾಕಿ ಕೂರಿಸುವ ಬೇರಿಂಗ್) ಹಾಕಿದೆವು. ಡ್ರಮ್ಮಿನ ಗೋಡೆಯಿಂದ ಎರಡು ಇಂಚು ಹೊರಗೆ. ನಡುವಿನ ಸಂದಿಯಲ್ಲಿ ಶಾಫ್ಟಿಗೆ ಒಂದು ರಬ್ಬರ್ ಬಿಲ್ಲೆ. ಶಾಫ್ಟಿನ ಉದ್ದಕ್ಕೆ ಹರಿದು ಬಂದ ಚೊಗರು ಬಿಲ್ಲೆಗೆ ತಾಗಿ ಕೆಳಗೆ ಬೀಳುತ್ತದೆ, ಬೇರಿಂಗ್ ಮುಟ್ಟುವುದಿಲ್ಲ.

ಕವರಿನ ವಿಷಯದಲ್ಲಿ ನಾನು ಎಡವಿದೆ. ಒಂದು ಬದಿಗೆ ಬಿಜಾಗರಿ, ಇನ್ನೊಂದು ಬದಿಗೆ ಕೈಯಲ್ಲೇ ತಿರುಗಿಸುವ ರೆಕ್ಕೆ ನಟ್ಟು ಎಂದು ಹೇಳಿದ್ದು ನಾನೇ. ಕಾಗದದ ಮೇಲೆ ಚಂದ. ಎರಡನೇ ದಿನಕ್ಕೆ ಅದುರಿ ಅದುರಿ ಒಂದು ನಟ್ಟು ಬಿಚ್ಚಿ ಸಿಪ್ಪೆ ರಾಶಿಯಲ್ಲಿ ಮಾಯ. ಸಿಪ್ಪೆ ರಾಶಿಯಲ್ಲಿ ನಟ್ಟು ಹುಡುಕುವುದು ಎಂದರೆ ಏನೆಂದು ಹುಡುಕಿದವರಿಗೇ ಗೊತ್ತು. ಆಮೇಲೆ ಹಳೇ ಟ್ರಂಕಿಗೆ ಇರುವ ತರದ ಎಳೆದು ಕೂರಿಸುವ ಕ್ಲಿಪ್ ಹಾಕಿದೆವು. ಬಿಚ್ಚಿದರೂ ಯಂತ್ರಕ್ಕೇ ಅಂಟಿಕೊಂಡಿರುತ್ತದೆ. ಅಲ್ಲಿಂದ ಒಂದು ನಿಯಮ ಮಾಡಿಕೊಂಡೆವು: ಮನೆಯವರು ಬಿಚ್ಚುವ ಯಾವುದೂ ಕೈಗೆ ಬರಬಾರದು, ನೇತಾಡಬೇಕು.

ಬ್ಲೇಡಿನ ಪಟ್ಟಿಯನ್ನು ತಿರುಗಿಸಿ ಹಾಕಿದರೂ ಕೂರುತ್ತಿತ್ತು. ನಮ್ಮ ಹುಡುಗನೇ ಒಮ್ಮೆ ಹಾಗೆ ಹಾಕಿ ಬಂದಿದ್ದ. ಒಂದು ತೂತನ್ನು ಅರ್ಧ ಇಂಚು ಪಕ್ಕಕ್ಕೆ ಕೊರೆದೆವು. ಈಗ ಉಲ್ಟಾ ಹಾಕಲು ಬರುವುದೇ ಇಲ್ಲ. ಟೊಯೋಟಾ ಕಾರ್ಖಾನೆಗಳಲ್ಲಿ ಜಪಾನಿನ ಇಂಜಿನಿಯರ್ ಶಿಗೆಯೊ ಶಿಂಗೊ 1960ರ ದಶಕದಲ್ಲಿ ಇದನ್ನು ಪೋಕಾ ಯೋಕೆ, ಅಂದರೆ ತಪ್ಪಾಗದಂತೆ ತಡೆಯುವುದು, ಎಂದು ಕರೆದು ಪ್ರಸಿದ್ಧಿಗೆ ತಂದರು. ನಮ್ಮಲ್ಲಿ ಇದಕ್ಕೆ ಬೇಕಾದದ್ದು ಒಂದು ಡ್ರಿಲ್ಲಿಂಗ್ ಮಷೀನು ಮತ್ತು ಐದು ನಿಮಿಷ.

ಕನ್ನಡದಲ್ಲಿ ಆರು ಪುಟದ ಕೈಪಿಡಿಯನ್ನೂ ಮಾಡಿಸಿದ್ದೆವು. ಯಾರೂ ಓದಲಿಲ್ಲ. ಒಂದು ಮನೆಯಲ್ಲಿ ಅದು ಪಂಚಾಂಗದ ಹಿಂದೆ ಸಿಕ್ಕಿಸಿಟ್ಟಿತ್ತು, ಭದ್ರವಾಗಿ. ಸ್ಟಿಕರ್ ಅಂಟಿಸಿದರೆ ಚೊಗರಿಗೆ ಎದ್ದು ಬಂತು. ಕೊನೆಗೆ ನಂಬರ್ ಪಂಚ್ ತಂದು ಕಬ್ಬಿಣದ ಮೇಲೇ ಹೊಡೆದೆವು. ಪುಲ್ಲಿಯ ಪಕ್ಕ ಬೆಲ್ಟಿನ ಸೈಜು ‘ಎ-42’, ಬೇರಿಂಗಿನ ಪಕ್ಕ ಅದರ ನಂಬರು, ಡ್ರಮ್ಮಿನ ಮೇಲೆ ತಿರುಗುವ ದಿಕ್ಕಿನ ಬಾಣ. ಬೆಲ್ಟು ತರಲು ಪೇಟೆಗೆ ಹೋಗುವವರು ಅಲ್ಲಿರುವುದನ್ನು ಅಂಗೈ ಮೇಲೆ ಬರೆದುಕೊಂಡು ಹೋದರೆ ಸಾಕು.

ಗುಟ್ಟಿನ ಜಗಳ

ಈ ನಂಬರ್ ಹೊಡೆಯುವ ವಿಷಯ ಅಷ್ಟು ಸುಲಭಕ್ಕೆ ಆಗಲಿಲ್ಲ. ಮಾಲೀಕರು ಮೊದಲ ವರ್ಷ ಬೇರಿಂಗಿನ ಮೇಲಿದ್ದ ನಂಬರನ್ನು ಗ್ರೈಂಡರಿನಲ್ಲಿ ಉಜ್ಜಿ ಅಳಿಸಿದ್ದರು. ‘ನಂಬರ್ ಬರೆದು ಕೊಟ್ರೆ ನಾಳೆ ಪಕ್ಕದವ ಇದನ್ನೇ ಮಾಡ್ತಾನೆ. ಸ್ಪೇರ್ ಕೂಡ ನನ್ನತ್ರ ತಗೊಳ್ಳಲ್ಲ.’ ಅವರ ಹೆದರಿಕೆ ಸುಳ್ಳಲ್ಲ. ಸಣ್ಣ ವರ್ಕ್‌ಶಾಪಿಗೆ ಪೇಟೆಂಟ್ ಇಲ್ಲ, ವಕೀಲರಿಲ್ಲ. ಎರಡು ದಿನ ಮಾತು ಬಿಟ್ಟಿದ್ದೆವು.

2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿಗಾಗಿ ಸಮಿತಿ ಮಾಡಿದಾಗ, ಮೊದಲು ಗಮನ ಕೊಡಲು ಆರಿಸಿದ ನಾಲ್ಕು ಕ್ಷೇತ್ರಗಳಲ್ಲಿ ಕೃಷಿ ಉಪಕರಣವೂ ಇತ್ತು. ಅದನ್ನೂ ಹೇಳಿ ನೋಡಿದೆ. ಅವರಿಗೆ ಅದು ದಿಲ್ಲಿಯ ಮಾತು, ನಾಟಲಿಲ್ಲ. ನಾಟಿದ್ದು ಪೆಟ್ರೋಲ್ ಲೆಕ್ಕ. ಒಂದು ಬೇರಿಂಗ್ ಮಾರಿ ಸಿಗುವ ಲಾಭಕ್ಕಿಂತ ಅದನ್ನು ಹಾಕಲು ಹುಡುಗ ಹೋಗಿ ಬರುವ ಖರ್ಚು ಮೂರು ಪಟ್ಟು. ಅದೂ ವಾರಂಟಿಯಲ್ಲಿ, ಪುಕ್ಕಟೆ. ‘ಹಾಗಾದ್ರೆ ಹೊಡಿರಿ’ ಎಂದರು. ಬ್ಲೇಡಿನ ಕೋನದ ಅಳತೆ ಮಾತ್ರ ಕೊಡುವುದಿಲ್ಲ ಎಂದರು. ನಾನೂ ಒತ್ತಾಯ ಮಾಡಲಿಲ್ಲ. ಅದು ಅವರ ಹತ್ತು ವರ್ಷದ ಪರಿಶ್ರಮ.

ಟವೆಲ್ ಎಳೆದ ದಿನ

ಎರಡನೇ ಸುಗ್ಗಿ ಶುರುವಾಗಿ ವಾರವಾಗಿತ್ತು. ಒಂದು ಮನೆಯಲ್ಲಿ ಹದಿನಾರು ವರ್ಷದ ಹುಡುಗ ಡ್ರಮ್ಮು ತಿರುಗುತ್ತಿರುವಾಗಲೇ ಕ್ಲಿಪ್ ಬಿಚ್ಚಿ ಕವರ್ ಎತ್ತಿದ. ಹೆಗಲ ಮೇಲಿದ್ದ ಟವೆಲ್ ಒಳಗೆ ಎಳೆದುಕೊಂಡು ಹೋಯಿತು. ಟವೆಲ್ ಮಾತ್ರ. ದೇವರು ದೊಡ್ಡವನು.

ಕೇಳಿ ನನ್ನ ಕೈಕಾಲು ತಣ್ಣಗಾಯಿತು. ಮೊದಲಿನ 14 ಬೋಲ್ಟು ಎಷ್ಟೇ ಕಾಟ ಕೊಡಲಿ, ಓಡುವ ಯಂತ್ರದ ಕವರನ್ನು ಯಾರೂ ತೆಗೆಯದಂತೆ ಅದು ಕಾಯುತ್ತಿತ್ತು. ಆ ಕಾವಲನ್ನು ನಾವು ಗೊತ್ತಿಲ್ಲದೆ ಕಿತ್ತು ಹಾಕಿದ್ದೆವು. ಅವತ್ತೇ ಹೊಸ ಯಂತ್ರ ಕೊಟ್ಟ ಎಲ್ಲ ಮನೆಗೂ ಫೋನ್ ಮಾಡಿ ಕ್ಲಿಪ್ಪಿಗೆ ತಂತಿ ಕಟ್ಟಿಸಿದೆವು.

ಕವರ್ ತೆರೆದರೆ ಕರೆಂಟ್ ಹೋಗುವ ಸ್ವಿಚ್ ಹಾಕೋಣ ಎಂದು ವೆಲ್ಡರ್ ಹೇಳಿದ. ನಾನು ಕಾರ್ಖಾನೆಯಲ್ಲಿ ಅಂಥದ್ದನ್ನು ನೂರಾರು ನೋಡಿದ್ದೇನೆ. ಚೊಗರು ಸೇರಿದರೆ ಅದು ಅಂಟಿಕೊಳ್ಳುತ್ತದೆ, ಜನ ಅದಕ್ಕೊಂದು ಕಡ್ಡಿ ಸಿಕ್ಕಿಸಿ ಓಡಿಸುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಕರೆಂಟ್ ಹೋದ ಮೇಲೂ ಭಾರದ ಡ್ರಮ್ಮು ಎಂಟು ಹತ್ತು ಸೆಕೆಂಡ್ ತಿರುಗುತ್ತಲೇ ಇರುತ್ತದೆ. ಬೆರಳಿಗೆ ಅಷ್ಟು ಸಾಕು.

ಕೊನೆಗೆ ಮಾಡಿದ್ದು ಇದು. ಕವರಿಗೆ ಒಂದು ಉದ್ದ ತಿರುಪಿನ ಬೋಲ್ಟು, ತುದಿಗೆ ಕೈಹಿಡಿ. ಆ ಕೈಹಿಡಿ ಇರುವುದು ಯಂತ್ರಕ್ಕೆ ಕರೆಂಟ್ ಕೊಡುವ ಪ್ಲಗ್ಗಿನ ಎದುರಿಗೇ. ಪ್ಲಗ್ ಸಿಕ್ಕಿಸಿದ್ದರೆ ಕೈಹಿಡಿ ತಿರುಗಲು ಜಾಗವೇ ಇಲ್ಲ. ಪ್ಲಗ್ ಕೀಳಬೇಕು. ಕಿತ್ತ ಮೇಲೂ ಹನ್ನೆರಡು ಸುತ್ತು ತಿರುಗಿಸಿದರೆ ಮಾತ್ರ ಬೋಲ್ಟು ಬರುತ್ತದೆ. ಎಷ್ಟೇ ಅವಸರ ಮಾಡಿದರೂ ಹದಿನೈದು ಸೆಕೆಂಡ್. ಅಷ್ಟರಲ್ಲಿ ಡ್ರಮ್ಮು ನಿಂತಿರುತ್ತದೆ. ಉಳಿದ ಎಲ್ಲ ಕಡೆ ಸೆಕೆಂಡು ಉಳಿಸಲು ಒದ್ದಾಡಿದವರು ಇಲ್ಲಿ ಮಾತ್ರ ಬೇಕಂತಲೇ ನಿಧಾನ ಮಾಡಿದೆವು. ಈ ಬೋಲ್ಟಿನ ಬಗ್ಗೆ ಗಿರಾಕಿಗಳು ಈಗಲೂ ಗೊಣಗುತ್ತಾರೆ. ಗೊಣಗಲಿ.

ಫಲ

ಎರಡನೇ ಸುಗ್ಗಿಯಲ್ಲಿ ಹೊಸ ನಮೂನೆಯ 19 ಯಂತ್ರ ಹೋದವು. ಹಳೆಯ 31ರಲ್ಲಿ 22ಕ್ಕೆ ಬಿಜಾಗರಿ ಮೋಟರ್ ಪ್ಲೇಟು, ಹೊಸ ಕವರು, ಉದ್ದ ಬೋಲ್ಟು ಹಾಕಿಕೊಟ್ಟೆವು. ಹೊಸ ಹತ್ತೊಂಬತ್ತಕ್ಕೆ ಹುಡುಗ ಬೈಕ್ ಹತ್ತಿದ್ದು 13 ಸಲ. ಬೆಲ್ಟು ಮೊದಲಿನಷ್ಟೇ ಹೋದವು. ಸಿಪ್ಪೆಯೂ ಮೊದಲಿನ ಹಾಗೇ ಸಿಕ್ಕಿಕೊಂಡಿತು. ಆದರೆ ಮನೆಯವರೇ ಬಿಡಿಸಿಕೊಂಡರು. ಫೋನ್ ಕರೆ ಮಾತ್ರ ಜಾಸ್ತಿಯಾಯಿತು. ‘ಇದನ್ನ ಹೀಗೆ ಎತ್ತಿದ್ರೆ ಆಗ್ತಾ?’ ಎಂಬ ತರದ್ದು. ಹುಡುಗ ಈಗ ಫೋನಿನಲ್ಲೇ ರಿಪೇರಿ ಮಾಡಿಸುತ್ತಾನೆ.

ಸಿಪ್ಪೆ ಸಿಕ್ಕುವುದರ ಬಗ್ಗೆ ಒಂದು ಮಾತು. ಮೊದಲ ವರ್ಷದ 29ರಲ್ಲಿ 18 ಕರೆ ಸಂಜೆ ಆರರಿಂದ ಒಂಬತ್ತರ ನಡುವೆ ಬಂದಿದ್ದವು. ಎಲ್ಲ ಮನೆಯಲ್ಲೂ ದೀಪ ಹತ್ತಿ ವೋಲ್ಟೇಜ್ ಇಳಿಯುವ ಹೊತ್ತು. ಇಂಥ ಮೋಟರಿನ ತಿರುಗಿಸುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ಇರಬೇಕಾದಲ್ಲಿ 180 ಬಂದರೆ ಉಳಿಯುವ ಬಲ ನೂರಕ್ಕೆ 61 ಮಾತ್ರ. ಡ್ರಮ್ಮು ನಿಲ್ಲುತ್ತದೆ, ಮೋಟರ್ ಗುಂಯ್‌ಗುಡುತ್ತದೆ, ಕಂಡೆನ್ಸರಿಗೂ ಕುತ್ತು. ನಾವು ಬ್ಲೇಡನ್ನು ಬೈಯುತ್ತಿದ್ದೆವು! ಎರಡನೇ ಸುಗ್ಗಿಯ ನಡುವೆ ಒಂದು ಅಗ್ಗದ ವೋಲ್ಟ್‌ಮೀಟರ್ ಕೂರಿಸಿ, 190ಕ್ಕಿಂತ ಕೆಳಗಿದ್ದರೆ ಅಡಿಕೆ ಕಡಿಮೆ ಸುರಿಯಿರಿ ಎಂದು ಹೇಳಿದೆವು. ಕೆಟ್ಟದ್ದು ಯಂತ್ರವೋ ಕರೆಂಟೋ ಎಂದು ಮನೆಯವರಿಗೇ ಕಾಣುವಂತೆ ಮಾಡಿದ್ದು ಅರ್ಧ ರಿಪೇರಿ.

ಕೆಟ್ಟ ಸುದ್ದಿಯೂ ಇದೆ. ಬೇರಿಂಗಿಗೆ ಗ್ರೀಸ್ ನಿಪ್ಪಲ್ ಇತ್ತು. ಗ್ರೀಸ್ ಹಾಕಿ ಎಂದು ನಾವೇ ಹೇಳಿದ್ದೆವು. ಒಬ್ಬರು ಭಕ್ತಿಯಿಂದ ದಿನಾ ಹಾಕಿದರು. ಹೆಚ್ಚಾದ ಗ್ರೀಸ್ ಸುಲಿದ ಅಡಿಕೆಗೆ ತೊಟ್ಟಿಕ್ಕಿತು. ಒಂದು ಒಬ್ಬೆ (ಒಂದು ಸಲ ಬೇಯಿಸುವಷ್ಟು ಅಡಿಕೆ) ಪೂರ್ತಿ ಹಾಳು. ಮಾಲೀಕರು ನಷ್ಟ ಕಟ್ಟಿಕೊಟ್ಟರು. ಈಗ ನಿಪ್ಪಲ್ ತೆಗೆದು ಆ ತೂತಿಗೆ ಸ್ಕ್ರೂ ಹಾಕಿದ್ದೇವೆ. ಮಳೆಗಾಲದ ಮುಂಚೆ ವರ್ಷಕ್ಕೊಮ್ಮೆ ನಮ್ಮವರೇ ಗ್ರೀಸ್ ತುಂಬಿ ಬರುತ್ತಾರೆ. ಯಾವ ಕೆಲಸವನ್ನು ಸುಲಭ ಮಾಡಬೇಕು, ಯಾವುದನ್ನು ಮನೆಯವರ ಪಾಲಿಗೆ ಇಲ್ಲದಂತೆಯೇ ಮಾಡಬೇಕು ಎಂಬುದನ್ನು ನಾನು ಮೊದಲೇ ಬೇರೆ ಮಾಡಬೇಕಿತ್ತು. ಇನ್ನೊಮ್ಮೆ ಇಂಥ ಕೆಲಸ ಹಿಡಿದರೆ ಹತ್ಯಾರಿನ ಪಟ್ಟಿಯ ಜೊತೆಗೇ ಈ ಪಟ್ಟಿಯನ್ನೂ ಮೊದಲ ದಿನವೇ ಬರೆಯುತ್ತೇನೆ.

ಬೆಲೆ ಸಾವಿರದೈನೂರು ರೂಪಾಯಿ ಏರಿತು. ಕ್ಲಿಪ್ಪು, ಬಿಜಾಗರಿ ನೋಡಿ ‘ಇದೆಂತ, ಆಟಿಕೆ ತರ ಇದೆ’ ಎಂದು ಹೋದವರೂ ಇದ್ದಾರೆ. ಭಾರ ಇದ್ದರೆ ಒಳ್ಳೇ ಮಾಲು ಎಂಬ ನಂಬಿಕೆ ಬೇಗ ಹೋಗುವುದಿಲ್ಲ. ಅಂಥವರಿಗೆ ಮಾಲೀಕರು ಈಗ ಏನೂ ಹೇಳುವುದಿಲ್ಲ. ಕೈಗೆ ಒಂದು ಬೆಲ್ಟು ಕೊಟ್ಟು ‘ಹಾಕಿ ನೋಡಿ’ ಎನ್ನುತ್ತಾರೆ.

ಬ್ಲೇಡು ಮಾತ್ರ ಇನ್ನೂ ನಮ್ಮ ಕೊರಳಿಗೇ ಇದೆ. 13 ಸಲದ ಓಡಾಟದಲ್ಲಿ ಎಂಟು ಬ್ಲೇಡಿನದೇ. ಬನವಾಸಿ ಕಡೆಯ ಒಬ್ಬರು ಕಾಯಲಾರದೆ ಊರಿನ ಆಚಾರಿ ಹತ್ತಿರ ಮಸೆಸಿದರು. ಅಂಚು ಚೂಪಾಯಿತು, ಕೋನ ತಪ್ಪಿತು, ಅಡಿಕೆಯೇ ಕತ್ತರಿಸಿ ಹೋಯಿತು. ಅದನ್ನು ನೋಡಿದ ಮೇಲೆ, ಎರಡು ವರ್ಷ ಬಿಡದೆ ಹಿಡಿದಿದ್ದ ಕೋನದ ಗುಟ್ಟನ್ನು ಮಾಲೀಕರೇ ತಗಡಿನಲ್ಲಿ ಕತ್ತರಿಸಿದರು. ಅಂಗೈಯಷ್ಟು ದೊಡ್ಡ ಒಂದು ಅಚ್ಚು. ಬ್ಲೇಡಿನ ಅಂಚಿಗೆ ಹಿಡಿದು, ಸಂದಿಯಲ್ಲಿ ಬೆಳಕು ಕಾಣದಿದ್ದರೆ ಕೋನ ಸರಿ. ಐವತ್ತು ಅಚ್ಚು ಮಾಡಿದ್ದಾರೆ. ಪಾನಾ ನೇತಾಡುವ ಸರಪಳಿಗೇ ಅದನ್ನೂ ಪೋಣಿಸಿ ಕೊಡುವುದೆಂದು ಲೆಕ್ಕ. ಈ ಸಲದ ಕೊನೆಕೊಯ್ಲಿಗೆ ಅದರ ಪರೀಕ್ಷೆ.